ಅವ್ವನ ಮೂರು ಬೆರಳು

ವಿಭೂತಿ ಹಚ್ಚಲು ಬಂದ ಅವ್ವನ ಕೈ ಗದ್ದದ ಹತ್ತಿರ ಬರುತ್ತಲೇ ಶೈಲಜಾ ಮುಖ ಹಿಂದಕ್ಕೆಳೆದುಕೊಂಡಳು. ಶಿವಲಿಂಗಮ್ಮನ ಒದ್ದೆ ಬೆರಳುಗಳು ಹಾಗೇ ನಿಂತವು.

"ಯಾಕ ಮಗಳ, ಆಫೀಸಿನವ್ರು ನಗ್ತಾರೇನು? ನಿನ್ನೆ ಜಳಕಾನ ತಡಾ ಮಾಡಿದಿ. ಇವತ್ತ ಮಾರೀನ ತಿರುವತಿ."

ಚಿಕ್ಕವಳಿದ್ದಾಗ ಗದಗಿನ ಕಡೆಯ ಹಳ್ಳಿಮನೆಯಲ್ಲಿ, ಜಳಕ ಮುಗಿಸಿ ನೀರಿಳಿಯುವ ಕೂದಲಲ್ಲಿ ನಿಂತರೆ, ಅವ್ವ ಎಡಗೈಯಲ್ಲಿ ಗದ್ದ ಬಿಗಿಯಾಗಿ ಹಿಡಿದು ಹಣೆಗೆ ಮೂರು ಗೆರೆ ಎಳೆಯುತ್ತಿದ್ದಳು. ಶಾಲೆಯ ದಾರಿಯಲ್ಲಿ ಅವು ಆರುತ್ತ ಆರುತ್ತ ಚರ್ಮವನ್ನು ಬಿಗಿಹಿಡಿಯುತ್ತಿದ್ದವು. ಲೆಕ್ಕದ ಮೇಷ್ಟ್ರು ಬೋರ್ಡಿಗೆ ಕರೆದಾಗ ಆ ಬಿಗಿತವೇ ಶೈಲಜಾಳ ಧೈರ್ಯ. ಬ್ರೂಕ್‌ಫೀಲ್ಡಿನ ಈ ಫ್ಲ್ಯಾಟಿಗೆ ಬಂದಮೇಲೂ, ಅವ್ವ ಬಂದಾಗಲೆಲ್ಲ ತಾನಾಗಿ ಗದ್ದ ಒಡ್ಡಿ ನಿಂತವಳು ಅವಳು.

ಏನೋ ಹೇಳಲು ಬಾಯಿ ತೆರೆದಳು. ಬಾಲ್ಕನಿಯಿಂದ ಗಾಳಿ ಬೀಸಿ ಕೂದಲೆಳೆಯೊಂದು ಬಲಗೆನ್ನೆಗೆ ತಾಗಿತು. ಕಿವಿಯ ಬುಡದಿಂದ ತುಟಿಯತನಕ ಕರೆಂಟು ಹೊಡೆದಂತಾಗಿ, ಕುರ್ಚಿ ಹಿಡಿದು ಕಣ್ಣು ಮುಚ್ಚಿದಳು. ಅದು ದಾಟಿಹೋಗುವವರೆಗೆ ಇಬ್ಬರೂ ಅಲುಗಲಿಲ್ಲ.

"ಹಲ್ಲೇನ?"

"ಹಲ್ಲಂತ ತಿಳದು ಒಂದು ಕೀಳಿಸಿದೆ. ಹಲ್ಲಿಂದಲ್ಲಬೇ. ಡಾಕ್ಟರು ಎಂ.ಎಸ್. ಅಂತ ನರದ ಬ್ಯಾನಿ ಅಂದಿದ್ರಲ್ಲ, ಕಾಲು ಜೋಮು ಹಿಡೀತಿತ್ತಲ್ಲ, ಅದ ಬ್ಯಾನಿ ಈಗ ಮಾರಿಯ ನರಕ್ಕ ಬಂದೈತಿ. ಗುಳಿಗಿ ಕೊಟ್ಟಾರ. ಆದ್ರೂ ಯಾವಾಗ ಹೊಡೀತೈತಿ ಹೇಳಾಕ ಬರಂಗಿಲ್ಲ. ಗಾಳಿ ತಾಗಿದ್ರೂ ಸಾಕು."

"ನನ್ನ ಕೈ ತಾಗಿದ್ರೂನಾ?"

ಆ ಕೈಗೆ ಬ್ಯಾಡ ಅನ್ನಬೇಕಾಗುತ್ತದೆಂದೇ ಶೈಲಜಾ ಇಷ್ಟು ದಿನ ನೋವನ್ನು ಮುಚ್ಚಿಟ್ಟಿದ್ದಳು. ಒಮ್ಮೆ ಅಂದರೆ, ಅವ್ವ ಮತ್ತೆಂದೂ ಮುಟ್ಟಲಾರಳೇನೋ.

ಶಿವಲಿಂಗಮ್ಮ ಹೋಗಿ ಬಾಲ್ಕನಿಯ ಬಾಗಿಲು ಎಳೆದಳು. ಬೆರಳ ಮೇಲಿನ ವಿಭೂತಿ ಆರಿಹೋಗಿತ್ತು. ಮತ್ತೆ ನೀರಲ್ಲದ್ದಿ ವಿಭೂತಿ ಗಟ್ಟಿಯ ಮೇಲೆ ತಿಕ್ಕಿದಳು.

"ಶಿವಗ ಹಣೀನ ಬೇಕಂತ ಯಾರು ಹೇಳ್ಯಾರ? ನಿಮ್ಮಜ್ಜ ತೋಳು, ಎದಿ, ಹೊಟ್ಟಿ ಎಲ್ಲಾ ಬಡಕೊಂತಿದ್ದ, ಗ್ವಾಡಿಗೆ ಸುಣ್ಣ ಬಡದಂಗ. ತೋಳು ಏರಿಸು."

ಶೈಲಜಾಳಿಗೆ ನಗು ಬಂತು. ಕೆನ್ನೆಯ ನೋವಿಗೆ ಅಂಜಿ ತುಟಿಯಲ್ಲೇ ತಡೆದುಕೊಂಡು ಕುರ್ತಾದ ತೋಳನ್ನು ಮೇಲಕ್ಕೆ ಮಡಚಿದಳು. ಅವ್ವನ ಎಡಗೈ ಮೊಣಕೈಯನ್ನು ಹಿಡಿಯಿತು, ಗದ್ದ ಹಿಡಿಯುತ್ತಿದ್ದಷ್ಟೇ ಬಿಗಿಯಾಗಿ. ಮೂರು ಬೆರಳು ನಿಧಾನವಾಗಿ ಜಾರಿದವು.

ಕೆಳಗೆ ಆಫೀಸಿನ ಕ್ಯಾಬ್ ಹಾರ್ನ್ ಹೊಡೆಯಿತು. ಲಿಫ್ಟಿನಲ್ಲಿ ಇಳಿಯುವಾಗ ತೋಳಿನ ಚರ್ಮ ಮೆಲ್ಲಗೆ ಬಿಗಿಯತೊಡಗಿತು. ಮಡಚಿದ ಬಟ್ಟೆಯನ್ನು ಅವಳು ಕೆಳಗಿಳಿಸಲಿಲ್ಲ. ಗೆರೆಗಳು ಒಂದೊಂದಾಗಿ ಬೆಳ್ಳಗಾಗುತ್ತಿದ್ದವು.