ವಾಪಸ್ ಪಡೆದ ‘ನೀನು’

ನನಗಿಂತ ಇಪ್ಪತ್ತೇಳು ವರ್ಷ ಚಿಕ್ಕವನೊಬ್ಬ ‘ನೀನು, ನೀನು’ ಅನ್ನುತ್ತಲೇ ನನ್ನ ಅನ್ನ ಕಿತ್ತುಕೊಂಡ. ಐದು ದಿನ, ನಾಲ್ಕು ಊರು. ಹೋದಲ್ಲೆಲ್ಲ ಬಾಗಿಲು ತಟ್ಟಿ, ಅವನನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿದವಳು ನಾನೇ. ನನ್ನ ಗುಂಡಿ ನಾನೇ ತೋಡಿದೆ, ಅದೂ ನಗುನಗುತ್ತಾ.

ಮ್ಯೂನಿಕ್ ಹತ್ತಿರದ ನಮ್ಮ ಕಂಪನಿ ಗೋಪುರದ ಗಡಿಯಾರ ಮಾಡುತ್ತದೆ. ಮಾರುವುದು, ಮಾರಿದ ಮೇಲೆ ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ನಾನು ಹತ್ತದ ಗೋಪುರವಿಲ್ಲ. ನನ್ನ ಮೊಣಕಾಲು ಹಾಳಾಗಿರುವುದು ವಯಸ್ಸಿನಿಂದಲ್ಲ, ಮೆಟ್ಟಿಲುಗಳಿಂದ. ಹೋದ ವರ್ಷ ಉತ್ತರದ ಬಂದರು ಹ್ಯಾಂಬರ್ಗ್‌ನವರು ಕಂಪನಿ ಕೊಂಡುಕೊಂಡರು. ಅವರ ಜೊತೆ ಬಂದವನು ಈ ಲೆನಾರ್ಟ್ ಫೋಸ್. ವಯಸ್ಸು ಮೂವತ್ತೊಂದು, ಕಾಲಲ್ಲಿ ಬಿಳಿ ಬೂಟು, ನನ್ನ ಮೇಲಧಿಕಾರಿ.

ಮೊದಲನೇ ದಿನವೇ ಎಲ್ಲರನ್ನೂ ನಿಲ್ಲಿಸಿ ಅಪ್ಪಣೆ ಕೊಟ್ಟ.

“ಇವತ್ತಿಂದ ಇಲ್ಲಿ ಯಾರೂ ಯಾರಿಗೂ ‘ನೀವು’ ಅನ್ನೋ ಹಾಗಿಲ್ಲ. ದೊಡ್ಡೋರು ಚಿಕ್ಕೋರು ಅಂತ ಏನಿಲ್ಲ, ಎಲ್ಲಾ ಒಂದೇ ಮನೆಯೋರು. ನಾನು ಲೆನಾರ್ಟ್. ನಿನ್ನ ಹೆಸರು?”

“ಫ್ರಾವ್ ಮೋಸರ್,” ಅಂದೆ.

ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ನಮ್ಮಲ್ಲಿ ‘ನೀನು’ ಅನ್ನುವುದು ಬೀದಿಯಲ್ಲಿ ಬಿದ್ದಿರುವ ಮಾತಲ್ಲ. ಅದನ್ನು ಹಿರಿಯರು ಕೊಡಬೇಕು, ಕಿರಿಯರು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ‘ನೀವು’, ಮನೆತನದ ಹೆಸರಿನ ಹಿಂದೆ ಗಂಡಸಿಗೆ ಹೆರ್, ಹೆಂಗಸಿಗೆ ಫ್ರಾವ್. ನಮ್ಮ ಮೆಕ್ಯಾನಿಕ್ ಆಲೋಯಿಸ್ ಮತ್ತು ನಾನು ಒಂಬತ್ತು ವರ್ಷ ಒಟ್ಟಿಗೆ ಗೋಪುರ ಹತ್ತಿದ ಮೇಲೆ, ಒಂದು ಸಂಜೆ ಬಿಯರ್ ಲೋಟ ತಾಕಿಸಿ, ಕೈಕುಲುಕಿ, ‘ನೀವು’ ಬಿಟ್ಟೆವು. ಹಾಗೆ ಒಮ್ಮೆ ಕೊಟ್ಟಿದ್ದನ್ನು ಯಾರೂ ವಾಪಸ್ ಪಡೆಯುವುದಿಲ್ಲ. ಆಸ್ತಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರೂ ಕಟಕಟೆಯಲ್ಲಿ ‘ನೀನು’ ಅಂತಲೇ ಬೈದಾಡುತ್ತಾರೆ. ವಾಪಸ್ ಪಡೆಯುವುದು ಕೆನ್ನೆಗೆ ಹೊಡೆಯುವುದಕ್ಕಿಂತ ದೊಡ್ಡ ಮಾತು. ಅದು ಗೊತ್ತಿದ್ದೇ ನಾನು ಹಲ್ಲು ಕಚ್ಚಿಕೊಂಡು ಆ ಹುಡುಗನಿಗೆ ‘ನೀನು’ ಅನ್ನಲು ಶುರು ಮಾಡಿದೆ.

ಅಕ್ಟೋಬರ್‌ನಲ್ಲಿ ಅವನೇ ಪ್ರವಾಸ ಗೊತ್ತು ಮಾಡಿದ. “ನಿನ್ನ ಹಳೇ ಗಿರಾಕಿಗಳನ್ನ ಒಂದ್ಸಲ ನೋಡ್ಬೇಕು ಲಿಂಡೆ. ಹಾಗೇ ಊರೂ ನೋಡ್ಕೊಂಡು ಬರೋಣ.” ನನ್ನ ಹೆಸರು ಗೆರ್ಲಿಂಡೆ. ಲಿಂಡೆ ಅನ್ನುತ್ತಿದ್ದವರು ನನ್ನ ಅಮ್ಮ ಮತ್ತು ಆಲೋಯಿಸ್, ಇಬ್ಬರೇ.

ಲಿಸ್ಬನ್‌ಗೆ ಹೋಗುವ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟು ನನ್ನದು. “ನೀನು ಬಹಳ ಸಲ ನೋಡಿದೀಯಲ್ಲ,” ಅಂತ ಅವನೇ ಕೂತ. ಊರಿಗೆ ಹೋದ ಮೇಲೆ ನಾನು ಚರ್ಚಿನ ನೂರಾ ಹನ್ನೆರಡು ಮೆಟ್ಟಿಲು ಹತ್ತಿ, ಗಡಿಯಾರದ ಹಲ್ಲುಚಕ್ರಗಳಲ್ಲಿ ಸಿಕ್ಕಿದ್ದ ಪಾರಿವಾಳದ ಗರಿ ಕಿತ್ತೆ. ಅವನು ಹಳದಿ ಟ್ರಾಮಿನಲ್ಲಿ ಗುಡ್ಡ ಹತ್ತಿ ಇಳಿದು, ನದಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡ. ಪಾದ್ರಿಗಳು ಕಾಫಿಗೆ ಕೂರುವ ಹೊತ್ತಿಗೆ ಮಾತ್ರ ಸರಿಯಾಗಿ ಹಾಜರಾದ. “ಇನ್ಮೇಲೆ ಏನಿದ್ರೂ ನನಗೇ ಫೋನ್ ಮಾಡಿ ಫಾದರ್,” ಅಂತ ಕಾರ್ಡು ಕೊಟ್ಟ. ಪಾದ್ರಿಗಳು ನನ್ನ ಮುಖ ನೋಡಿದರು. ಹೊಸ ಅಧಿಕಾರಿಯ ದೊಡ್ಡಸ್ತಿಕೆ ಅಂದುಕೊಂಡು ನಾನು ತಲೆಯಾಡಿಸಿದೆ.

ಬೆಲ್ಜಿಯಂನ ಗೆಂಟ್‌ನಲ್ಲೂ ಅದೇ ಕಥೆ. ನಾನು ಸನ್ಯಾಸಿನಿಯರ ಮಠದ ಗೋಪುರದಲ್ಲಿ, ಅವನು ಕಾಲುವೆಯ ದೋಣಿಯಲ್ಲಿ. ಬಾಯಿಗೆ ಚಾಕೊಲೇಟು ಹಾಕಿಕೊಂಡೇ ಬಂದು ಮಠದ ತಾಯಿಗೆ ಕಾರ್ಡು ಕೊಟ್ಟ.

ಗುಟ್ಟು ಬಿಚ್ಚಿಕೊಂಡಿದ್ದು ಇಟಲಿಯ ಬೊಲೋನಾದಲ್ಲಿ. ಅಲ್ಲಿಯ ಚರ್ಚಿನ ಕಚೇರಿ ನೋಡಿಕೊಳ್ಳುವ ತಸ್ಸಿನಾರಿಯಮ್ಮ ನನ್ನನ್ನು ಕಂಡವಳೇ ತಬ್ಬಿಕೊಂಡು ಕಣ್ಣೊರೆಸಿಕೊಂಡಳು. ಕೈಗೊಂದು ಪೊಟ್ಟಣ ಕೊಟ್ಟಳು. ಒಳಗೆ ಅವಳೇ ಮನೆಯಲ್ಲಿ ಹೂರಣ ತುಂಬಿ ಮಡಿಚಿದ ಪಾಸ್ತಾ, ತೊರ್ತೆಲ್ಲೀನಿ.

“ನಿವೃತ್ತಿ ಆದ್ಮೇಲಾದ್ರೂ ಕೂತ್ಕೊಂಡು ತಿನ್ನು,” ಅಂದಳು.

“ಯಾರ ನಿವೃತ್ತಿ?”

ಅವಳು ಕಾಗದ ತೋರಿಸಿದಳು. ಮೂರು ವಾರದ ಹಿಂದಿನದು. ‘ನಮ್ಮ ಗೆರ್ಲಿಂಡೆ ಬೀಳ್ಕೊಡುಗೆಯ ಪ್ರವಾಸಕ್ಕೆ ಬರುತ್ತಿದ್ದಾಳೆ, ನಿಮ್ಮ ಗಡಿಯಾರವನ್ನು ಖುದ್ದಾಗಿ ನನಗೆ ಒಪ್ಪಿಸಿ ಹೋಗುತ್ತಾಳೆ’ ಅಂತ ಬರೆದಿತ್ತು. ಕೆಳಗೆ ಲೆನಾರ್ಟನ ಸಹಿ. ಲಿಸ್ಬನ್‌ನ ಪಾದ್ರಿ ಹಾಗೇಕೆ ನೋಡಿದರು ಅನ್ನುವುದು ಆಗ ಹೊಳೆಯಿತು. ಯುರೋಪಿಗೆಲ್ಲ ಗೊತ್ತಿದೆ, ಗೊತ್ತಿಲ್ಲದವಳು ನಾನೊಬ್ಬಳೇ. ನನಗೆ ಅಳು ಬರಲಿಲ್ಲ. ಆ ಪೊಟ್ಟಣ ಕೆಳಗೆ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಇನ್ಸ್‌ಬ್ರೂಕ್‌ಗೆ ಹೋಗುವ ರೈಲಿನಲ್ಲಿ ಅವನ ಎದುರು ಕೂತು ಕೇಳಿದೆ. “ನನ್ನ ಕೆಲಸ ಹೋಗಿದೆಯಾ?”

“ಹೋಗೋದಲ್ಲ ಲಿಂಡೆ, ಬೇಗ ಬಿಡುವು ಸಿಗ್ತಾ ಇದೆ. ನಿನ್ನ ವಿಭಾಗಾನೇ ಮುಚ್ತಾ ಇದೀವಿ, ಇನ್ಮೇಲೆ ಎಲ್ಲಾ ಆಪ್‌ನಲ್ಲೇ. ನಾಳೆ ರಾತ್ರಿ ಒಳ್ಳೆ ಊಟ ಹಾಕಿಸಿ ಹೇಳೋಣ ಅಂತಿದ್ದೆ. ಮೊದಲೇ ಹೇಳಿದ್ರೆ ನಿನ್ನ ಪ್ರವಾಸ ಹಾಳಾಗ್ತಿತ್ತಲ್ಲ.”

“ನನ್ನ ಪ್ರವಾಸ.”

“ಹೌದು ಮತ್ತೆ. ನಿನಗೋಸ್ಕರಾನೇ ಇಟ್ಟಿದ್ದು.”

ಬಲಿಗೆ ಹೋಗುವ ಕುರಿಗೆ ಹಾರ ಹಾಕಿ ‘ನಿನಗೋಸ್ಕರ’ ಅಂದ ಹಾಗಾಯಿತು. ಕಿಟಕಿಯ ಕಡೆ ತಿರುಗಿದೆ. ರೈಲು ಬ್ರೆನ್ನರ್ ಕಣಿವೆ ದಾಟಿತು. ಅವನು ಬೆಟ್ಟದ ಫೋಟೋ ತೆಗೆಯುತ್ತಿದ್ದ. ಉಳಿದಿದ್ದು ಒಂದೇ ಊರು. ಅದನ್ನಾದರೂ ನನ್ನ ಕೈಯಾರೆ ಇವನಿಗೆ ಒಪ್ಪಿಸಬಾರದು ಅಂತ ತೀರ್ಮಾನ ಮಾಡಿದೆ. ಹೇಗೆ ಅನ್ನುವುದು ಗೊತ್ತಿರಲಿಲ್ಲ.

ಆ ಕೊನೆಯ ಊರು ಓಬರ್‌ವಾಂಡ್ ಇರುವುದು ಇನ್ಸ್‌ಬ್ರೂಕ್ ಹತ್ತಿರದ ಬೆಟ್ಟದ ಮೇಲೆ, ಸಾವಿರದ ಇನ್ನೂರು ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ರೋಪ್‌ವೇಯಲ್ಲಿ ಮೇಲೆ ಹೋಗಿ ಇಳಿದಾಗ ಕ್ರಿಸಾಂತ್ ಏಗರ್ ಕಾಯುತ್ತಿದ್ದ. ಎಪ್ಪತ್ನಾಲ್ಕು ವರ್ಷದ ಮುದುಕ. ಚರ್ಚು, ಗಂಟೆ, ಗಡಿಯಾರ ಮೂರೂ ಅವನ ಉಸ್ತುವಾರಿ. ಒಂದು ಜನವರಿಯಲ್ಲಿ ಹಿಮಗಾಳಿಗೆ ಮುಳ್ಳುಗಳು ಹೆಪ್ಪುಗಟ್ಟಿ ನಿಂತಾಗ, ಆಲೋಯಿಸ್ ಮತ್ತು ನಾನು ನಡೆದೇ ಈ ಬೆಟ್ಟ ಹತ್ತಿದ್ದೆವು. ಸೊಂಟದುದ್ದ ಹಿಮದಲ್ಲಿ ಸಲಿಕೆ ಹಿಡಿದು ಎದುರಿಗೆ ಬಂದಿದ್ದವನು ಇವನು.

“ಯಾರವ್ವ ಇವನು, ಹೊಸಬ?” ಅಂದ ಕ್ರಿಸಾಂತ್. ಬಿಳಿ ಬೂಟು ನೋಡಿ, “ಸಮುದ್ರದ ಕಡೆಯೋನಾ ನೀನು? ಏಣಿ ಹತ್ತಕ್ಕೆ ಬತ್ತದಾ, ಇಲ್ಲ ದೋಣಿ ತರ್ಸಾನಾ?”

ಬೆಟ್ಟದ ಜನ ಹಾಗೇ. ಸಾವಿರ ಮೀಟರ್ ದಾಟಿದರೆ ‘ನೀವು’ ಕೆಳಗೇ ಉಳಿಯುತ್ತದೆ ಅನ್ನುತ್ತಾರೆ. ಮಂತ್ರಿ ಬಂದರೂ ‘ನೀನು’, ದನ ಕಾಯುವವನಿಗೂ ‘ನೀನು’. ಲೆನಾರ್ಟನಿಗೆ ಖುಷಿಯೋ ಖುಷಿ.

ಗೋಪುರದ ಮೇಲೆ, ಗಡಿಯಾರದ ಪಕ್ಕ ಏದುಸಿರು ಬಿಡುತ್ತಾ ನಿಂತು ನನ್ನ ಹೆಗಲ ಮೇಲೆ ಕೈ ಹಾಕಿದ. “ನೋಡಿದ್ಯಾ ಲಿಂಡೆ, ಇಲ್ಲೂ ಎಲ್ರೂ ‘ನೀನು’. ಥೇಟ್ ನಮ್ಮ ಕಂಪನಿ ತರಾನೇ.”

ಕ್ರಿಸಾಂತ್ ‘ನೀನು’ ಅಂದರೆ, ನೀನು ಹಿಮದಲ್ಲಿ ಹೂತುಹೋದರೆ ನಾನು ಬಂದು ತೋಡುತ್ತೇನೆ ಅಂತ ಅರ್ಥ. ಇವನು ‘ನೀನು’ ಅಂದರೆ, ಹೂಳುವಾಗ ಕೂಗಬೇಡ ಅಂತ. ಎರಡೂ ಒಂದೇ ಅನ್ನುತ್ತಾನೆ, ಅದೂ ನನ್ನ ಹೆಗಲ ಮೇಲೆ ಕೈಯಿಟ್ಟು.

ಕ್ರಿಸಾಂತ್ ಜೇಬಿನಿಂದ ಕರಾರಿನ ಕಾಗದ ತೆಗೆದ. ಗಡಿಯಾರವನ್ನು ಪೂರ್ತಿ ಬಿಚ್ಚಿ ಜೋಡಿಸಿ, ಮುಂದಿನ ಹತ್ತು ವರ್ಷ ನೋಡಿಕೊಳ್ಳುವ ಕರಾರು. “ಸಹಿ ಹಾಕ್ತೀನಿ. ಒಂದೇ ಮಾತು. ಚಳೀಲಿ ಇದು ನಿಂತ್ರೆ ಬರೋರು ಯಾರು? ಲಿಂಡೆ ತಾನೇ?”

ನನ್ನನ್ನು ಲಿಂಡೆ ಅನ್ನುವ ಮೂರನೆಯವನು ಇದ್ದ. ಮರೆತಿದ್ದೆ.

“ಆಪ್ ಇದೆ,” ಅಂದ ಲೆನಾರ್ಟ್. “ಒತ್ತಿದ್ರೆ ಸಾಕು. ಅಲ್ವಾ ಲಿಂಡೆ? ನೀನೇ ಹೇಳು.”

ನಾನು ಅವನ ಕೈಯನ್ನು ಹೆಗಲಿನಿಂದ ಎತ್ತಿ ಕೆಳಗಿಟ್ಟೆ.

“ಹೆರ್ ಫೋಸ್,” ಅಂದೆ, “ನನ್ನನ್ನ ಕೆಲಸದಿಂದ ತೆಗೆದಿರೋ ವಿಷಯ ನೀವೇ ಇವನಿಗೆ ಹೇಳಿ. ನಿಮ್ಮ ಪರವಾಗಿ ನಾನು ಹೇಳಲ್ಲ.”

ಲೆನಾರ್ಟನ ಮುಖ ಕೆಂಪಾಯಿತು. ಹ್ಯಾಂಬರ್ಗ್‌ನವನಾದರೇನು, ಅವನೂ ಇದೇ ಭಾಷೆಯಲ್ಲಿ ಬೆಳೆದವನು.

“ಏನಂದೆ ಇವನಿಗೆ?” ಅಂದ ಕ್ರಿಸಾಂತ್.

“‘ನೀವು’ ಅಂದೆ.”

“ಮುಂಚೆ?”

“ಒಂದು ವರ್ಷದಿಂದ ‘ನೀನು’ ಅಂತಿದ್ದೆ.”

ಮುದುಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದ. ಜೀವನದಲ್ಲಿ ತೆರಿಗೆಯವರಿಗೂ ‘ನೀವು’ ಅನ್ನದವನು, ಲೆನಾರ್ಟನ ಕಡೆ ತಿರುಗಿ ಟೋಪಿ ತೆಗೆದ.

“ಹೆರ್ ಫೋಸ್, ನೀವು ನಿಧಾನಕ್ಕೆ ಇಳೀರಿ. ಮೆಟ್ಲು ಜಾರ್ತವೆ, ನಿಮಗೆ ಅಭ್ಯಾಸ ಇಲ್ಲ.” ಆಮೇಲೆ ನನಗೆ, “ನೀನು ಜನವರೀಲಿ ಬಾ. ಕಂಪನಿ ಇದ್ರೆಷ್ಟು, ಬಿಟ್ರೆಷ್ಟು. ಆಲೋಯಿಸನ್ನೂ ಕರ್ಕೊಂಡು ಬಾ.”

ರೋಪ್‌ವೇಯಲ್ಲಿ ಇಳಿಯುವಾಗ ನಾವಿಬ್ಬರೇ. ಅವನು ಫೋಟೋ ತೆಗೆಯಲಿಲ್ಲ. ನನ್ನ ಕೆಲಸ ಹೋಗಿದ್ದು ಹೋಗಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಅರ್ಧ ದಾರಿಯಲ್ಲಿ ಬಾಯಿಬಿಟ್ಟ.

“ಇದು ಸರಿನಾ ಲಿಂಡೆ? ಹೊರಗಿನವರ ಮುಂದೆ? ನಾನು ಯಾವತ್ತಾದ್ರೂ ನಿನಗೆ ಮರ್ಯಾದೆ ಕೊಡದೇ ಇದ್ದೆನಾ?”

“ಕೊಟ್ಟಿಲ್ಲ ಹೆರ್ ಫೋಸ್,” ಅಂದೆ. “ಈಗ ನಾನು ಕೊಡ್ತಿದೀನಿ. ಇಟ್ಕೊಳ್ಳಿ.”