ಬೀಗ ಹಾಕಿದ ಕೋಣೆಯ ಮಂಚ

ನಾನು ಒಂದು ಮಂಚ. ಹಾಸನದ ಒಂದು ಮರಗೆಲಸದ ಶೆಡ್ಡಿನಲ್ಲಿ, ಗರಗಸದ ಸದ್ದು ಮತ್ತು ಅಂಟಿನ ವಾಸನೆಯ ನಡುವೆ ಹುಟ್ಟಿದೆ. ನನ್ನ ಕಾಲುಗಳು, ಚೌಕಟ್ಟು ತೇಗದವು. ಉಳಿದ ಮೈ ದಪ್ಪ ಪ್ಲೈವುಡ್ಡಿನದು. ಹಳೆಯ ಕಾಲದ ಮಂಚಗಳಿಗೆ ಇಲ್ಲದ ಒಂದು ಹೊಟ್ಟೆ ನನಗಿತ್ತು. ಹಾಸಿಗೆಯ ಹಲಗೆಯನ್ನು ಕಾಲಿನ ಕಡೆಯಿಂದ ಎತ್ತಿದರೆ ಸಾಕು, ಎರಡು ಉಕ್ಕಿನ ದಂಡಗಳು ಅದನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ನಿಲ್ಲಿಸುತ್ತಿದ್ದವು. ಕೆಳಗೆ ಆಳವಾದ ಪೆಟ್ಟಿಗೆ. ಹಲಗೆಯನ್ನು ಒತ್ತಿದರೆ ಮತ್ತೆ ಸಪಾಟಾಗಿ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಧೂಳು ಹೋಗಬಾರದೆಂದು ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಲು ಹೇಳಿದವನು ನನ್ನನ್ನು ಮಾಡಿಸಿದ ಯತೀಶ.

ಯತೀಶನಿಗೆ ಆಗ ಮೂವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಗಂಡಸರ ಬಟ್ಟೆಯ ದೊಡ್ಡ ಅಂಗಡಿಯೊಂದರಲ್ಲಿ ಮ್ಯಾನೇಜರ್ ಆಗಿದ್ದ. ನೆಂಟರಿಂದ ತುಂಬಿದ ಬಾಡಿಗೆ ಮನೆಯಲ್ಲಿ ಬೆಳೆದವನು ಅವನು. ನಡುಮನೆಯಲ್ಲಿ ಸಾಲಾಗಿ ಮಲಗುವವರ ನಡುವೆ ಮಲಗುತ್ತಿದ್ದನಂತೆ. ಅವನ ಬಟ್ಟೆಗಳು ಮೊಳೆಗೆ ನೇತುಹಾಕಿದ ಚೀಲದಲ್ಲಿ ಇರುತ್ತಿದ್ದವಂತೆ. ಬೆಳಿಗ್ಗೆ ಯಾರು ಮೊದಲು ಎದ್ದರೋ ಅವರ ಮೈಮೇಲೆ ಅವನ ಅಂಗಿ. ಇದನ್ನೆಲ್ಲ ಅವನು ನನ್ನ ಮೇಲೆ ಕೂತು ಗೆಳೆಯರಿಗೆ ನಗುತ್ತಾ ಹೇಳುತ್ತಿದ್ದ. ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಅದಕ್ಕೇ ಇರಬೇಕು, ಸ್ವಂತ ಮನೆಯಾದಾಗ ಹಿಂಬದಿಯ ಕೋಣೆಯನ್ನು ಅವನು ಅಷ್ಟು ಆಸೆಯಿಂದ ಸಿಂಗರಿಸಿದ. ಮೂರು ಗೋಡೆಗಳಿಗೆ ತೆಳು ಬೂದು ಬಣ್ಣ, ನನ್ನ ತಲೆಯ ಕಡೆಯ ಗೋಡೆಗೆ ಕಡುನೀಲಿ. ಪಕ್ಕದಲ್ಲಿ ಕಪ್ಪು ಲೋಹದ ದೀಪ. ಬೀರುವಿನಲ್ಲಿ ಅಂಗಿಗಳು ಬಿಳಿಯಿಂದ ಕಪ್ಪಿನವರೆಗೆ ಬಣ್ಣದ ಸಾಲಿನಲ್ಲಿ ತೂಗುತ್ತಿದ್ದವು. ಬೆಲ್ಟುಗಳಿಗೆ ಕೊಕ್ಕೆ, ಗಡಿಯಾರಗಳಿಗೆ ಮಖಮಲ್ಲಿನ ತಟ್ಟೆ, ಬೂಟುಗಳಿಗೆ ಗೂಡು. ಕಣ್ಣಿಗೆ ಕಾಣದಂತೆ ಇಡಬೇಕಾದದ್ದೆಲ್ಲ ನನ್ನ ಹೊಟ್ಟೆಗೆ. ನೆಲದ ಮೇಲೆ ಒಂದು ಕರವಸ್ತ್ರ ಬಿದ್ದರೂ ಅವನಿಗೆ ತಡೆಯುತ್ತಿರಲಿಲ್ಲ.

ಒಂದು ವರ್ಷ ಹೀಗೇ ಕಳೆಯಿತು. ಆಮೇಲೆ ಅವನ ಅಕ್ಕ ಪ್ರಭಾ ಗಂಡನ ಮನೆ ಬಿಟ್ಟು, ಮಗಳು ಇಂಚರಳನ್ನು ಕರೆದುಕೊಂಡು ಬಂದಳು. ಇಂಚರ ಆಗಿನ್ನೂ ಅಂಗನವಾಡಿಗೆ ಹೋಗುವ ಮಗು. ತಾಯಿ ಮಗಳು ನಡುಮನೆಯಲ್ಲಿ ಚಾಪೆ ಹಾಸಿ ಮಲಗತೊಡಗಿದರು. ಯತೀಶನ ತಾಯಿ ಇಂದಿರಮ್ಮ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು.

"ಮಗು ನೆಲದ ಮೇಲೆ ಮಲಗಿ ಕೆಮ್ತದೆ ಕಣೋ. ನೀನೊಬ್ನೇ ಇಷ್ಟು ದೊಡ್ಡ ರೂಮಲ್ಲಿ ಇರ್ತೀಯ. ಅಕ್ಕನಿಗೆ ಬಿಟ್ಕೊಡಬಾರ್ದಾ?"

"ಬೇರೆ ಏನ್ ಬೇಕಾದ್ರೂ ಕೇಳಮ್ಮ, ಮಾಡ್ತೀನಿ. ಈ ರೂಮು ಮಾತ್ರ ಕೇಳ್ಬೇಡ," ಎಂದ ಯತೀಶ. ಮರುದಿನವೇ ಅಕ್ಕನಿಗೂ ಮಗುವಿಗೂ ಒಳ್ಳೆಯ ಹಾಸಿಗೆ ತಂದುಕೊಟ್ಟ. ಅವನು ಕೆಟ್ಟವನಲ್ಲ. ಆದರೆ ಪ್ರಭಾಳ ಮುಖ ಅಂದಿನಿಂದ ಬಿಗಿಯಾಯಿತು.

ಇಂಚರಳಿಗೆ ಈ ಕೋಣೆಯೆಂದರೆ ಮೋಹ. ಯತೀಶ ಇಲ್ಲದಾಗ ಬಂದು ನನ್ನ ಮೇಲೆ ಉರುಳುತ್ತಿದ್ದಳು. ಒಮ್ಮೆ ಅವನ ಸೆಂಟಿನ ಶೀಸೆಯನ್ನು ತೆಗೆದು ದಿಂಬಿಗೆಲ್ಲ ಹೊಯ್ದುಬಿಟ್ಟಳು. ಯತೀಶ ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಾಗಿಲಿಗೊಂದು ಬೀಗ ತಂದ. ಆಮೇಲೆ ಹೊರಗೆ ಹೋಗುವಾಗಲೆಲ್ಲ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಚಳಿಗಾಲ ಮುಗಿದಿತ್ತು. ಅವನ ರಜೆಯ ದಿನ. ರಗ್ಗು, ಸ್ವೆಟರು, ಕೋಟುಗಳನ್ನು ಬಿಸಿಲಿಗೆ ಹಾಕಿ ತಂದು, ನನ್ನ ಹೊಟ್ಟೆಯನ್ನು ತೆರೆದಿಟ್ಟು ಒಂದೊಂದಾಗಿ ಜೋಡಿಸುತ್ತಿದ್ದ. ಹೊರಗೆ ಇಂಚರ ಪಕ್ಕದ ಮನೆಯ ಹುಡುಗಿಯೊಂದಿಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದಳು. ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಬಂದ ಸರಕಿನಲ್ಲಿ ಏನೋ ಏರುಪೇರಾಗಿತ್ತು, ಯಜಮಾನರು ಕೂಗಾಡುತ್ತಿದ್ದರು. ಮಾತು ಸರಿಯಾಗಿ ಕೇಳಿಸದೆ ಯತೀಶ ಹಿತ್ತಲಿಗೆ ಹೋದ.

ಪುಟ್ಟ ಬರಿಗಾಲುಗಳು ಒಳಗೆ ಓಡಿಬಂದವು. ಇಂಚರ ನನ್ನ ಪೆಟ್ಟಿಗೆಯನ್ನು ಕಂಡು ಕಣ್ಣರಳಿಸಿದಳು. ಜಾಗ ಸಾಲದೆಂದು ಎರಡು ರಗ್ಗುಗಳನ್ನು ಎಳೆದು ಕಿಟಕಿಯ ಕಡೆಯ ನೆಲಕ್ಕೆ ಹಾಕಿದಳು. ಆ ಗುಂಡಿಯಲ್ಲಿ ಮುದುಡಿ ಮಲಗಿ ಮಾವನ ಕೋಟನ್ನು ಮೇಲೆ ಎಳೆದುಕೊಂಡಳು. ಯತೀಶ ಬರುತ್ತಾನೆ, ಕಿವಿ ಹಿಂಡಿ ಹೊರಗೆ ಕಳಿಸುತ್ತಾನೆ ಎಂದುಕೊಂಡೆ.

ಅವನು ಬಂದ. ಫೋನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಕೊಂಡಿತ್ತು. "ಬಂದೆ ಸಾರ್, ಹೊರಟೆ, ಹೊರಟೆ," ಎನ್ನುತ್ತಲೇ ಎರಡೂ ಕೈಯಿಂದ ಹಲಗೆಯನ್ನು ಒತ್ತಿದ. ನಾನು ಮುಚ್ಚಿಕೊಂಡೆ. ಅಷ್ಟು ಅವಸರದಲ್ಲೂ ಮೇಲುಹಾಸಿನ ಸುಕ್ಕು ಎಳೆದು ಸರಿಮಾಡಿದ. ರಗ್ಗುಗಳು ನನ್ನ ಆಚೆ ಬದಿಯಲ್ಲಿದ್ದವು, ಬಾಗಿಲ ಕಡೆಯಿಂದ ಕಾಣುತ್ತಿರಲಿಲ್ಲ. ಬೀಗ ಬಿತ್ತು. ಬೈಕಿನ ಸದ್ದು ದೂರವಾಯಿತು.

ಮೊದಲು ಒಳಗೆ ಕಿಲಕಿಲ ನಗು. ತನ್ನನ್ನು ಯಾರೂ ಹುಡುಕಲಾರರು ಎಂಬ ಸಂತೋಷ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಪುಟ್ಟ ಅಂಗೈಗಳು ಹಲಗೆಯನ್ನು ತಳ್ಳಿದವು. ಅದರ ಮೇಲೆ ಯತೀಶ ಆರಿಸಿ ತಂದ ಭಾರದ ಹಾಸಿಗೆ ಇತ್ತು. ಹಲಗೆ ಕೂದಲೆಳೆಯಷ್ಟೂ ಏಳಲಿಲ್ಲ.

"ಮಾಮಾ, ತೆಗೀ."

ಆಮೇಲೆ, "ಅಮ್ಮಾ..."

ಅವಳು ಒದ್ದಳು, ಗುದ್ದಿದಳು, ಅತ್ತಳು. ಆ ಸದ್ದನ್ನೆಲ್ಲ ಮೇಲಿನ ಹಾಸಿಗೆ ಹೀರಿಕೊಂಡಿತು. ಅವಳ ಉಗುರುಗಳು ಅಂಚಿನ ರಬ್ಬರ್ ಪಟ್ಟಿಯನ್ನು ಕೆರೆಯುತ್ತಿದ್ದವು. ಅವಳ ಉಸಿರಿನ ಬಿಸಿಗೆ ನನ್ನ ಒಳಮೈ ತೇವವಾಗತೊಡಗಿತು. ಮಂಚಕ್ಕೆ ಬಾಯಿಲ್ಲ. ಆ ದಿನ ಆ ಕೊರತೆ ನನ್ನನ್ನು ಕೊಂದಷ್ಟು ಬೇರೆಂದೂ ಕೊಂದಿಲ್ಲ.

ಹೊರಗೆ ಪಕ್ಕದ ಮನೆಯ ಹುಡುಗಿ ಹುಡುಕಿ ಸೋತು ಇಂದಿರಮ್ಮನ ಹತ್ತಿರ ಹೋದಳು. ಮೊದಲು ಸಣ್ಣ ದನಿಯಲ್ಲಿ ಕರೆದರು. ಆಮೇಲೆ ದನಿ ಏರಿತು. ಅಟ್ಟ, ಬಚ್ಚಲು, ಮಹಡಿಯ ಮೆಟ್ಟಿಲು ಎಲ್ಲ ಕಡೆ ಕಾಲುಗಳು ಓಡಾಡಿದವು. ಯಾರೋ ಈ ಬಾಗಿಲಿಗೂ ಬಂದರು. ಬೀಗ ಅಲ್ಲಾಡಿತು. ಒಳಗೆ ಇಂಚರ ಬಿಕ್ಕುತ್ತಿದ್ದಳು, ಆದರೆ ಆ ಬಿಕ್ಕು ನನ್ನನ್ನು ದಾಟಲಿಲ್ಲ.

"ಇಲ್ಲಿಗೆ ಬೀಗ ಹಾಕಿದೆಯಲ್ಲ, ಇಲ್ಲೆಲ್ಲಿಂದ ಬರ್ತಾಳೆ?" ಎಂದಿತು ಒಂದು ಗಂಡಸಿನ ದನಿ. ಹೆಜ್ಜೆಗಳು ಹಿಂದಕ್ಕೆ ಹೋದವು.

"ಅವ್ರಪ್ಪನೇ ಎತ್ಕೊಂಡ್ ಹೋಗಿರ್ತಾನೆ!" ಪ್ರಭಾ ಕಿರುಚಿದಳು. "ಹೋದ ವಾರ ಫೋನಲ್ಲಿ ಹೆದರಿಸಿದ್ದ, ಮಗೂನ ಹೆಂಗ್ ಇಟ್ಕೋತೀಯ ನೋಡ್ತೀನಿ ಅಂತ. ನಾನು ಬಸ್ ಸ್ಟ್ಯಾಂಡಿಗೆ ಹೋಗ್ತೀನಿ." ಬೀದಿಯ ಅರ್ಧ ಜನ ಅವಳ ಹಿಂದೆಯೇ ಓಡಿದರು. ಮಗು ಇಲ್ಲಿ, ತಾಯಿ ಊರಿನ ಆ ತುದಿಗೆ.

ಉಳಿದವರು ಅಂಗಳದ ನೀರಿನ ಸಂಪಿನ ಮುಚ್ಚಳ ಸರಿಸಿದರು. ಕಲ್ಲಿನ ಮೇಲೆ ಕಬ್ಬಿಣ ಉಜ್ಜಿದ ಆ ಸದ್ದಿಗೆ ಇಂದಿರಮ್ಮ ಕುಸಿದು ಕೂತರೆಂದು ಕಾಣುತ್ತದೆ. "ಅಯ್ಯೋ ಬೇಡ, ನೋಡ್ಬೇಡಿ... ಇಲ್ಲ, ನೋಡಿ, ಬೇಗ ನೋಡಿ," ಎಂದು ಅಳುತ್ತಿದ್ದರು. ಯಾರೋ ಬಿದಿರಿನ ಗಳ ಇಳಿಸಿ ನೀರನ್ನು ತಡಕುತ್ತಿದ್ದರು.

ನನ್ನೊಳಗೆ ಒದೆತಗಳು ಮೆತ್ತಗಾಗಿದ್ದವು. ಉಸಿರು ಮೇಲಿಂದ ಮೇಲೆ ಬರುತ್ತಿತ್ತು. ಅವಳು ಕೋಟಿನ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಮತ್ತೆ ಕರೆಯಲಿಲ್ಲ.

ಯಾರೋ ಅಂಗಡಿಗೆ ಫೋನ್ ಮಾಡಿ ತಿಳಿಸಿರಬೇಕು, ಬೈಕು ಬಂತು, ಸ್ಟ್ಯಾಂಡ್ ಹಾಕುವ ಮೊದಲೇ ಬಿದ್ದ ಸದ್ದಾಯಿತು. ಯತೀಶನ ದನಿ ಕೇಳಿಸಿತು. "ಸಂಪಿನ ಒಳಗೆ ಕತ್ತಲೆ, ಏನೂ ಕಾಣ್ತಿಲ್ಲ," ಎಂದರು ಯಾರೋ. "ತಡೀರಿ, ನನ್ನ ರೂಮಲ್ಲಿ ದೊಡ್ಡ ಟಾರ್ಚ್ ಇದೆ," ಎಂದು ಅವನು ಓಡಿ ಬಂದ. ಕೀಲಿ ತೂತಿಗೆ ಸಿಗದೆ ತಡವರಿಸಿತು. ಬಾಗಿಲು ತೆರೆಯಿತು.

ನನ್ನನ್ನು ಬಳಸಿಕೊಂಡು ಕಿಟಕಿಯ ಕಡೆಯ ಮೇಜಿಗೆ ಬಂದ. ಡ್ರಾಯರು ಎಳೆದು ಟಾರ್ಚು ತೆಗೆದುಕೊಂಡ. ತಿರುಗುವಾಗ ಅವನ ಕಾಲಿಗೆ ಏನೋ ತೊಡರಿತು. ಕೆಳಗೆ ನೋಡಿದ. ಮುದ್ದೆಯಾಗಿ ಬಿದ್ದ ಎರಡು ರಗ್ಗುಗಳು.

ಬೇರೆ ಯಾರಾಗಿದ್ದರೂ ಅವನ್ನು ದಾಟಿಕೊಂಡು ಸಂಪಿಗೆ ಓಡುತ್ತಿದ್ದರು. ಆದರೆ ಆ ರಗ್ಗುಗಳನ್ನು ಅವನೇ ಮಡಿಸಿ ನನ್ನೊಳಗೆ ಇಟ್ಟಿದ್ದ. ಈ ಕೋಣೆಯಲ್ಲಿ ನೆಲದ ಮೇಲೆ ಯಾವುದೂ ತಾನಾಗಿ ಬೀಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಟಾರ್ಚು ಅವನ ಕೈಯಿಂದ ಜಾರಿತು.

ಹಾಸಿಗೆ, ದಿಂಬು ಸಮೇತ ಹಲಗೆಯನ್ನು ಎಳೆದೆತ್ತಿದ. ಇಂಚರ ಬೆವರಿನಲ್ಲಿ ತೊಯ್ದು, ಕಣ್ಣು ಅರೆ ಮುಚ್ಚಿ ಮಲಗಿದ್ದಳು. ತುಟಿಗಳ ಬಣ್ಣ ಬದಲಾಗಿತ್ತು. ಅವನು ಅವಳನ್ನು ಎತ್ತಿಕೊಂಡಾಗ ಕೋಟೂ ಜೊತೆಯಲ್ಲಿ ಬಂತು. ಅವಳ ಮುಷ್ಟಿ ಅದನ್ನು ಬಿಟ್ಟಿರಲಿಲ್ಲ.

"ಪುಟ್ಟಿ, ಉಸಿರಾಡೇ... ಉಸಿರಾಡವ್ವ..."

ಕಿಟಕಿಯ ಹತ್ತಿರ ಹಿಡಿದು ಬೆನ್ನು ಉಜ್ಜಿದ. ಒಂದು ಸಣ್ಣ ಕೆಮ್ಮು. ಆಮೇಲೆ ದೊಡ್ಡದೊಂದು ಉಸಿರು, ಅದರ ಹಿಂದೆಯೇ ಅಳು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿಲ್ಲ. ಅವನು ಅವಳನ್ನು ಎದೆಗವಚಿಕೊಂಡು ಆಸ್ಪತ್ರೆಗೆ ಓಡಿದ. ನಾನು ಹೊಟ್ಟೆ ತೆರೆದುಕೊಂಡೇ ನಿಂತಿದ್ದೆ.

ಸಂಜೆ ಮಗು ಚೆನ್ನಾಗಿ ಮನೆಗೆ ಬಂತು. ಗಾಬರಿಯಾಗಿದೆ, ಬೇರೇನೂ ತೊಂದರೆಯಿಲ್ಲ ಎಂದಿದ್ದರಂತೆ ಡಾಕ್ಟರು. ಪ್ರಭಾ ಈ ಕೋಣೆಯ ಹೊಸಿಲಿನ ಆಚೆಯೇ ನಿಂತಳು.

"ಯಾರು ಬರಬಾರ್ದು ಅಂತ ಬೀಗ ಹಾಕ್ದೆ ಯತೀಶ? ಕಳ್ಳರಾ?"

"ನಾನು ನೋಡ್ಲಿಲ್ಲ ಅಕ್ಕ. ದೇವರಾಣೆಗೂ ನೋಡ್ಲಿಲ್ಲ."

"ನೀನು ನೋಡಿದ್ದಾದ್ರೂ ಯಾವತ್ತು?"

ಅವಳು ಹೋದ ಮೇಲೆ ಅವನು ತಿರುಪುಳಿ ತಂದು ನನ್ನ ಉಕ್ಕಿನ ದಂಡಗಳನ್ನು ಬಿಚ್ಚಿದ. ರಬ್ಬರ್ ಪಟ್ಟಿಯನ್ನು ಕಿತ್ತು ಬಿಸಾಡಿದ. ಪೆಟ್ಟಿಗೆಯ ಪಕ್ಕದ ಹಲಗೆಗಳನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಿದ. ನನಗೆ ನೋವಾಯಿತು, ಆದರೂ ಇನ್ನಷ್ಟು ಹೊಡೆಯಲಿ ಎನಿಸಿತು. ಕೊನೆಗೆ ಬಾಗಿಲ ಚಿಲಕವನ್ನೂ ಕಿತ್ತ. "ಅಮ್ಮ, ಅಕ್ಕನಿಗೆ ಹೇಳು, ಇನ್ನು ಈ ರೂಮು ಅವರದ್ದು," ಎಂದ.

ಅವರು ಬರಲಿಲ್ಲ. ಇಂಚರ ಈ ಬಾಗಿಲು ಕಂಡರೆ ತಾಯಿಯ ಸೆರಗು ಹಿಡಿದು ಹಿಂದೆ ಸರಿಯುತ್ತಿದ್ದಳು. ಕೆಲವೇ ದಿನಗಳಲ್ಲಿ ಪ್ರಭಾ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಮಗಳೊಂದಿಗೆ ಬೇರೆ ಮನೆ ಮಾಡಿಕೊಂಡು ಹೋದಳು. ಯತೀಶ ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದ. ಮೊದಮೊದಲು ಅಕ್ಕ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದಳೆಂದು ಇಂದಿರಮ್ಮ ನೊಂದುಕೊಂಡು ಹೇಳುತ್ತಿದ್ದರು. ಬೇಸಿಗೆಗಳು ಕಳೆದ ಮೇಲೆ ಒಳಗೆ ಕರೆದಳು. ಇನ್ನೂ ಎಷ್ಟೋ ಕಾಲದ ಮೇಲೆ ಊಟಕ್ಕೆ ಕೂರಿಸಿದಳು.

ಕೋಣೆಯೂ ಬದಲಾಯಿತು. ಅಂಗಿಗಳ ಬಣ್ಣದ ಸಾಲು ಕಲಸಿಹೋಯಿತು. ಕುರ್ಚಿಯ ಮೇಲೆ ಬಟ್ಟೆ ಗುಡ್ಡೆಯಾದರೂ ಅವನಿಗೆ ಬೇಸರವಿಲ್ಲ. ಅವನ ಮದುವೆಯಾಯಿತು. ಮನೆಗೆ ಹೊಸ ಬಣ್ಣ ಬಂತು, ನನ್ನನ್ನು ಹೊರಗೆ ಹಾಕುವ ಕಾಲವೂ ಬಂತು. ಹಳೆಯ ಪೀಠೋಪಕರಣ ಕೊಳ್ಳುವವನು ನನ್ನನ್ನು ತಟ್ಟಿ ನೋಡಿದ. "ಒಳ್ಳೇ ಮಾಲು ಸಾರ್. ಹೊಸ ದಂಡ ಹಾಕಿ ಪೆಟ್ಟಿಗೆ ಮುಚ್ಚಿದ್ರೆ ಹೊಸದರ ಹಂಗೇ ಹೋಗ್ತದೆ."

"ಹಂಗಾದ್ರೆ ಕೊಡಲ್ಲ," ಎಂದ ಯತೀಶ. "ಇನ್ನೊಬ್ಬರ ಮನೇಲಿ ಇದು ಮುಚ್ಚಬಾರ್ದು."

ಅವನೇ ಗರಗಸ ಹಿಡಿದ. ಪ್ಲೈವುಡ್ಡನ್ನೆಲ್ಲ ತುಂಡು ಮಾಡಿ ಒಲೆಗೆ ಹಾಕಿಸಿದ. ತೇಗದ ಕಾಲುಗಳನ್ನೂ ಚೌಕಟ್ಟನ್ನೂ ಉಳಿಸಿಕೊಂಡು, ಪಟ್ಟಿ ಪಟ್ಟಿಯಾಗಿ ಜೋಡಿಸಿ ಒಂದು ಬೆಂಚು ಮಾಡಿಸಿದ. ಅದನ್ನು ಅಕ್ಕನ ಮನೆಯ ಜಗಲಿಗೆ ತಂದು ಹಾಕಿದ. ಏನು, ಎಲ್ಲಿಂದ ಎಂದು ಪ್ರಭಾ ಕೇಳಲಿಲ್ಲ. ಆದರೆ ಒಳಗಿಂದ ಒದ್ದೆ ಬಟ್ಟೆ ತಂದು ನನ್ನ ಮೇಲಿನ ಧೂಳು ಒರೆಸಿದಳು.

ಈಗ ನಾನು ಮುದಿಯಾಗಿದ್ದೇನೆ. ನನ್ನ ಮೇಲೆ ತರಕಾರಿ ಹೆಚ್ಚುತ್ತಾರೆ, ಹಪ್ಪಳ ಒಣಗಿಸುತ್ತಾರೆ. ಗಾಳಿ ನನ್ನ ಪಟ್ಟಿಗಳ ಸಂದಿನಿಂದ ಬಂದು ಹೋಗುತ್ತದೆ. ಮೊನ್ನೆ ಯತೀಶ ಬಂದು ಕೂತಿದ್ದ, ತಲೆ ನರೆತಿದೆ. ಕಾಲೇಜಿನಿಂದ ಬಂದ ಇಂಚರ ಪಕ್ಕದಲ್ಲೇ ಕೂತಳು. ಬಹಳ ಹೊತ್ತು ನನ್ನ ಮರವನ್ನು ಬೆರಳಿನಿಂದ ಸವರಿದಳು.

"ಮಾಮ, ಇದು ಅದೇ ಮಂಚದ ಮರ ಅಲ್ವಾ?"

ಅವನು ತಲೆಯಾಡಿಸಿದ.

"ಅವತ್ತು ಕೋಟಿನ ಸಂದಿಯಿಂದ ನಿನ್ನ ಮುಖ ನೋಡ್ದೆ ನಾನು. ನೀನು ಫೋನಲ್ಲಿ ಮಾತಾಡ್ತಿದ್ದೆ. ನಗು ಬಂತು. ನಿಂಗೆ ಕೇಳಿಸ್ಬಾರ್ದು ಅಂತ ಕೈಯಿಂದ ಬಾಯಿ ಮುಚ್ಕೊಂಡೆ. ನೀನು ನೋಡಿರ್ಲಿಲ್ಲ ಅಂತ ನಂಗೆ ಯಾವಾಗ್ಲೂ ಗೊತ್ತಿತ್ತು."

ಯತೀಶ ಕಣ್ಣು ಒರೆಸಿಕೊಳ್ಳಲಿಲ್ಲ. ಹನಿಗಳು ನನ್ನ ಮೇಲೆಯೇ ಬಿದ್ದವು. ಪ್ರಭಾ ಮೂರು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಸ್ವಲ್ಪ ಆ ಕಡೆ ಸರ್ಕೋಳೋ," ಎಂದು ತಮ್ಮನಿಗೆ ಹೇಳಿ ತಾನೂ ಕೂತಳು. ಮೂವರ ಭಾರಕ್ಕೆ ನನ್ನ ಹಳೆಯ ಕೀಲುಗಳು ಕಿರ್ರೆಂದವು. ನಾನು ಗಟ್ಟಿಯಾಗಿ ನಿಂತೆ.