ಅಜ್ಜಿಯ ಸ್ವಂತ ಕಣ್ಣು

ಒಂದಾನೊಂದು ಊರಲ್ಲಿ ಒಂದು ಗಾಜಿನ ಕಪಾಟಿತ್ತಂತೆ, ಅದರೊಳಗೆ ಒಂಟಿಕಣ್ಣಿನ ರಾಕ್ಷಸರು ಸಾಲಾಗಿ ಕೂತಿದ್ದರಂತೆ, ಎಲ್ಲರ ಮೈಯೂ ಕಪ್ಪು, ಎಲ್ಲರ ಕೊರಳಲ್ಲೂ ಪಟ್ಟಿ, ಯಾರು ಮೊದಲು ಮಾತಾಡುತ್ತಾರೋ ಅವರು ಸೋತ ಹಾಗೆ — ಊರು ಉಡುಪಿ, ಕಪಾಟು ಕ್ಯಾಮೆರಾ ಅಂಗಡಿಯದ್ದು, ಮೊದಲು ಮಾತಾಡಿದ್ದು ರಾಕ್ಷಸರೂ ಅಲ್ಲ ಯಶ್ಮಿತಾಳೂ ಅಲ್ಲ, ಅಂಗಡಿಯ ಸರ್ವೋತ್ತಮಣ್ಣ, ಯಾವುದು ತೆಗೆಯಲಿ ಮಗಾ, ಬಜೆಟ್ ಎಷ್ಟುಂಟು. ಬಜೆಟ್! ರಾಜಕುಮಾರಿ ಬಾಗಿಲಿಗೆ ಬಂದ ಕೂಡಲೇ ಪರ್ಸ್ ಕೇಳುವ ಕಥೆಯನ್ನು ಅಜ್ಜಿ ಯಾವತ್ತೂ ಹೇಳಿದ್ದಿಲ್ಲ. ಕಾಪುವಿನ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟ ದುಡ್ಡು, ಒಂದು ಸಲ ಖರ್ಚಾದರೆ ಮತ್ತೆ ಕೂಡಿಸಲು ಅದೇ ಭಿನ್ನರಾಶಿಗಳನ್ನು ಅದೇ ಮಕ್ಕಳಿಗೆ ಮೊದಲಿಂದ ಕಲಿಸಬೇಕು, ಆದ್ದರಿಂದ ಆಯ್ಕೆ ತಪ್ಪಬಾರದು, ತಪ್ಪಿದರೆ ಅಮ್ಮ ಹೇಳಿದ್ದೇ ಸರಿಯಾಗುತ್ತದೆ, ಮೊಬೈಲಿನಲ್ಲಿ ಬರದ ಫೋಟೋ ಅದರಲ್ಲಿ ಎಂತ ಬರುತ್ತದೆ ನೋಡುವ. ಮೊಬೈಲಿನಲ್ಲಿ ಬರದೆ ಇದ್ದದ್ದಕ್ಕೇ ಅಲ್ವಾ ಇಷ್ಟೆಲ್ಲ, ಅಜ್ಜಿಯ ಕಣ್ಣು ಮೊಬೈಲಿಗೆ ಸಿಕ್ಕಿದ್ದರೆ ಯಶ್ಮಿತಾ ಇಲ್ಲಿ ರಾಕ್ಷಸರ ಮುಂದೆ ಬೆವರುತ್ತಾ ನಿಲ್ಲುತ್ತಿದ್ದಳೇ.

ಗುಣವತಿ ಅಜ್ಜಿ ಕಣ್ಣು ಬಿಟ್ಟಿರುವ ಒಂದೇ ಒಂದು ಫೋಟೋ ಈ ಭೂಮಿಯ ಮೇಲೆ ಇಲ್ಲ. ಅತ್ತೆಯ ಮದುವೆ, ಅಪ್ಪನ ಮದುವೆ, ಯಶ್ಮಿತಾಳ ತೊಟ್ಟಿಲು, ಎಲ್ಲದರಲ್ಲೂ ಅಜ್ಜಿ ಧ್ಯಾನಕ್ಕೆ ಕೂತ ಋಷಿ, ಆಧಾರ್ ಕಾರ್ಡಿನವನು ಅಜ್ಜೀ ಕಣ್ಣು ಬಿಡಿ ಅಜ್ಜೀ ಕಣ್ಣು ಬಿಡಿ ಎಂದು ಕೂಗಿ ಕೂಗಿ ಕೊನೆಗೆ ತಾನೇ ಕಣ್ಣು ಮುಚ್ಚಿ ಬಟನ್ ಒತ್ತಿದ. ಒಂದಿದೆ, ಮದುವೆಯಾದ ವಾರ ಕಾರ್ಕಳದ ಸ್ಟುಡಿಯೋದಲ್ಲಿ ಅಜ್ಜನ ಪಕ್ಕ ನಿಂತು ತೆಗೆಸಿಕೊಂಡದ್ದು, ಅದರಲ್ಲಿ ಕಣ್ಣು ತೆರೆದೇ ಇದೆ, ಆದರೆ ಅದು ಅಜ್ಜಿಯದ್ದಲ್ಲ, ಫೋಟೋದವರು ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಲ್ಲಿ ಬರೆದದ್ದು, ಆಗ ಹಾಗೆ ತಿದ್ದಿ ಕೊಡುತ್ತಿದ್ದರಂತೆ, ಬಾದಾಮಿಯ ಆಕಾರದ, ತುದಿಯಲ್ಲಿ ಬಾಲವಿರುವ, ಯಾವುದೋ ಸಿನಿಮಾದ ನಾಯಕಿಯ ಕಣ್ಣು, ಒಂದು ಎಡಕ್ಕೆ ನೋಡುತ್ತದೆ ಇನ್ನೊಂದು ಅಜ್ಜನನ್ನು ನೋಡುತ್ತದೆ. ಅಜ್ಜ ಅದನ್ನೇ ಟ್ರಂಕಿನಲ್ಲಿ ಇಟ್ಟುಕೊಂಡು ಬೊಂಬಾಯಿಗೆ ಹೋದರು, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತರು, ನಿನ್ನ ಅಜ್ಜ ಅಷ್ಟು ವರ್ಷ ಯಾರದೋ ಕಣ್ಣು ನೋಡಿಕೊಂಡು ಸಂಸಾರ ಮಾಡಿದರು ಮಾರಾಯ್ತಿ, ಎಂದು ಅಜ್ಜಿ ನಗುತ್ತಾರೆ, ನಗು ಮುಗಿದ ಮೇಲೆ ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಾರೆ, ಆಮೇಲೆ, ನಾನು ಹೋದ ಮೇಲೆ ಗೋಡೆಗೆ ಹಾಕುವುದರಲ್ಲಾದರೂ ನನ್ನ ಸ್ವಂತ ಕಣ್ಣು ಇರಲಿ, ಬಂದವರನ್ನು ನಾನೇ ನೋಡಬೇಕು, ಆ ಸಿನಿಮಾದವಳು ಯಾರವಳು ನೋಡಲಿಕ್ಕೆ. ಆಯಿತಜ್ಜಿ, ನಾನು ತೆಗೆದುಕೊಡುತ್ತೇನೆ ಎಂದು ಯಶ್ಮಿತಾ ಮಾತು ಕೊಟ್ಟದ್ದು ಆಗಲೇ, ಕಥೆಗಳಲ್ಲಿ ಮಾತು ಕೊಡುವವರು ಯಾರೂ ಅಂಗಡಿಗೆ ಹೋಗಿ ಮಾಡೆಲ್ ನಂಬರ್ ಹೋಲಿಸಬೇಕಾಗಿಲ್ಲ.

ಇದು ನೋಡು, ಸರ್ವೋತ್ತಮಣ್ಣ ಒಂದು ರಾಕ್ಷಸನನ್ನು ಇಳಿಸಿ ಕೈಗಿಟ್ಟರು, ಹೊಸತು, ಎರಡು ಲೆನ್ಸ್, ಬ್ಯಾಗ್ ಫ್ರೀ, ಟ್ರೈಪಾಡ್ ಫ್ರೀ, ಒಂದು ಸೆಕೆಂಡಿಗೆ ಮೂರು ಫೋಟೋ, ನಿನ್ನ ಅಪ್ಪ ಪರಿಚಯದವರು ಅಂತ ಮೆಮೊರಿ ಕಾರ್ಡ್ ಕೂಡ ಫ್ರೀ. ಒಂದು ಸೆಕೆಂಡಿಗೆ ಮೂರಾದರೆ ಅಜ್ಜಿ ಮೂರು ಸಲವೂ ಮುಚ್ಚಲು ಸಾಧ್ಯವೇ, ಒಂದಾದರೂ ಸಿಕ್ಕೀತು, ಭಾರ ಎಷ್ಟು ಹಿತವಾಗಿದೆ, ತೆಂಗಿನಕಾಯಿ ಹಿಡಿದ ಹಾಗೆ, ಕಿಂಡಿಗೆ ಕಣ್ಣಿಟ್ಟರೆ ಸರ್ವೋತ್ತಮಣ್ಣ ದೂರದ ಕೋಣೆಯಲ್ಲಿ ಕೂತವರಂತೆ ಕಾಣುತ್ತಾರೆ, ಒತ್ತು ಒತ್ತು ಎನ್ನುತ್ತಾರೆ, ಒತ್ತಿದಳು — ಕ್ಯಾಮೆರಾದ ತಲೆ ತಾನೇ ಬಾಯಿ ಬಿಟ್ಟು ಚಳ್ ಚಳ್ ಎಂದು ಮೊದಲು ಸಣ್ಣ ಬೆಳಕು, ಆಮೇಲೆ ದೊಡ್ಡ ಬೆಳಕು, ಪರದೆಯಲ್ಲಿ ನೋಡಿದರೆ ಸರ್ವೋತ್ತಮಣ್ಣನೇ ಕಣ್ಣು ಮುಚ್ಚಿದ್ದಾರೆ. ಅದು ಕತ್ತಲೆಯಲ್ವಾ, ಫ್ಲಾಶ್ ಬೇಕಾಗುತ್ತದೆ ಎಂದರು. ಫ್ಲಾಶ್. ಅತ್ತೆಯ ಮದುವೆ, ಬೆಳಕು. ಅಪ್ಪನ ಮದುವೆ, ಬೆಳಕು. ಈ ರಾಕ್ಷಸನೂ ಮಿಂಚು ಕಾರುವ ಜಾತಿಯವನೇ ಆದರೆ ಇವನನ್ನು ಮನೆಗೆ ಕರೆದೊಯ್ದು ಏನು ಪ್ರಯೋಜನ, ಬ್ಯಾಗ್ ಫ್ರೀ, ಬ್ಯಾಗಿನಲ್ಲಿ ಅಜ್ಜಿಯ ಮುಚ್ಚಿದ ಕಣ್ಣು ಫ್ರೀ. ಫ್ಲಾಶ್ ಇಲ್ಲದೆ ಮನೆಯೊಳಗೆ ತೆಗೆಯುವಂಥದ್ದು ಉಂಟಾ? ಉಂಟು, ಅದಕ್ಕೆ ಬೆಳಕು ಜಾಸ್ತಿ ಕುಡಿಯುವ ಲೆನ್ಸ್ ಬೇಕು, ಐವತ್ತು ಎಂಎಂದು, ಅದು ಬೇರೆ, ನಿನ್ನ ಬಜೆಟ್ ದಾಟುತ್ತದೆ ಮಗಾ, ಮೊದಲು ಇದು ತಕೊ, ಅದು ಬರುವ ವರ್ಷ. ಬರುವ ವರ್ಷ! ಅಪ್ಪನಲ್ಲಿ ಕೇಳಿ ಬರುತ್ತೇನೆ ಎಂದು ಸುಳ್ಳು ಹೇಳಿ ಮೆಟ್ಟಿಲಿಳಿಯುವಾಗ ಕಪಾಟಿನವರೆಲ್ಲ ಬೆನ್ನಿಗೇ ಕಣ್ಣು ನೆಟ್ಟಂತಾಯಿತು.

ಮಣಿಪಾಲದ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದ್ದು ಒಳ್ಳೆಯ ಶಕುನ, ಪರೀಕ್ಷೆ ಮುಗಿದು ಹಾಸ್ಟೆಲ್ ಖಾಲಿ ಮಾಡುವ ಈ ವಾರ ಮಣಿಪಾಲವೆಲ್ಲ ಸಂತೆ, ಸೈಕಲ್, ಕೆಟಲ್, ಗಿಟಾರು, ಅರ್ಧ ಓದಿದ ದಪ್ಪ ಪುಸ್ತಕ, ಊರಿಗೆ ಹೊತ್ತೊಯ್ಯಲಾಗದ್ದನ್ನೆಲ್ಲ ಬಂದ ಬೆಲೆಗೆ ಕೊಟ್ಟು ಹೋಗುತ್ತಾರೆ, ಹಾಗೆ ಒಬ್ಬ ವಿಶಾಲ್ ಎಂಬವನು ಮೊಬೈಲಿನಲ್ಲಿ ಹಾಕಿದ್ದ ಕ್ಯಾಮೆರಾದ ಜಾಹೀರಾತನ್ನು ಅವಳು ನಿನ್ನೆ ಹಳೆಯದು ಬೇಡ ಎಂದು ದಾಟಿಸಿಬಿಟ್ಟಿದ್ದಳು, ಈಗ ಮತ್ತೆ ಹುಡುಕಿದರೆ ಇನ್ನೂ ಇದೆ, ಜೊತೆಗೆ ಐವತ್ತರ ಲೆನ್ಸ್ ಎಂದು ಕೊನೆಯ ಸಾಲಿನಲ್ಲಿ ಬರೆದಿದೆ, ಕೊನೆಯ ಸಾಲನ್ನು ಯಾಕೆ ಓದಲಿಲ್ಲ ಹುಡುಗೀ. ಟೈಗರ್ ಸರ್ಕಲ್ಲಿನ ಜ್ಯೂಸ್ ಅಂಗಡಿಯ ಮುಂದೆ ವಿಶಾಲ್, ನಾಗಪುರದವನು, ಇಲ್ಲಿ ಕಲಿತ ಕನ್ನಡದಲ್ಲಿ ಉಪ್ಪಿನಂತೆ ಎಲ್ಲದಕ್ಕೂ ಮಾರಾಯ್ರೆ ಹಾಕುತ್ತಾನೆ, ನೋಡಿ ಮಾರಾಯ್ರೆ, ಕ್ಯಾಮೆರಾದ ಬಾಡಿ ಚೆನ್ನಾಗಿ ಉಂಟು ಮಾರಾಯ್ರೆ, ಆದರೆ ನಿಜ ಹೇಳಬೇಕು, ಈ ಬಾಡಿಯಲ್ಲಿ ಮೋಟಾರ್ ಇಲ್ಲ, ಲೆನ್ಸ್ ಹಳೇದು, ಫೋಕಸ್ ನೀವೇ ಕೈಯಲ್ಲಿ ತಿರುಗಿಸಬೇಕು, ಅದಕ್ಕೇ ಯಾರೂ ತಕೊಳ್ಳುತ್ತಿಲ್ಲ. ಕೈಯಲ್ಲೇ? ಕೈಯಲ್ಲೇ ಮಾರಾಯ್ರೆ. ಲೆನ್ಸಿನ ಉಂಗುರ ಎಣ್ಣೆ ಹಾಕಿದ ಹಾಗೆ ತಿರುಗುತ್ತದೆ, ಎದುರಿನ ಬೇಕರಿಯ ಕತ್ತಲೆಯ ಮೂಲೆಯಲ್ಲಿ ಕೂತ ಮುದುಕ ಮಂಜಿನೊಳಗಿಂದ ಬಂದಂತೆ ಮೆಲ್ಲಗೆ ಸ್ಪಷ್ಟವಾಗುತ್ತಾನೆ, ಗಡ್ಡದ ಒಂದೊಂದು ಕೂದಲು, ಬೆಳಕೇ ಇಲ್ಲದ ಕಡೆ ಬೆಳಕು, ಮಿಂಚಿಲ್ಲ, ಚಳ್ ಇಲ್ಲ, ಬರೀ ಒಂದು ಟಕ್. ಬ್ಯಾಗ್ ಇಲ್ಲ, ಟ್ರೈಪಾಡ್ ಇಲ್ಲ, ವಾರಂಟಿ ಇಲ್ಲ. ಮೊಬೈಲಿನಲ್ಲಿ ದುಡ್ಡು ಕಳಿಸಿದಳು, ಟಿಂಗ್, ಎಷ್ಟೊಂದು ಭಿನ್ನರಾಶಿಗಳು ಒಂದೇ ಟಿಂಗಿಗೆ ಹೋದವು, ಯಾರ ಫೋಟೋ ತೆಗೆಯುತ್ತೀರಿ ಎಂದು ವಿಶಾಲ್ ಕೇಳಿದ್ದಕ್ಕೆ ಅಜ್ಜಿಯದ್ದು ಎಂದರೆ ಅವನು ನಗಲಿಲ್ಲ, ಲೆನ್ಸಿನ ಮುಚ್ಚಳವನ್ನು ತನ್ನ ಅಂಗಿಯಲ್ಲಿ ಒರೆಸಿ ಕೊಟ್ಟ, ಒಳ್ಳೆ ಹುಡುಗ, ಬಸ್ಸಿನಲ್ಲಿ ಕ್ಯಾಮೆರಾವನ್ನು ದುಪಟ್ಟಾದಲ್ಲಿ ಸುತ್ತಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಾಗ ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ಟಾ ಎಂದ.

ಕಾಪು, ಮನೆ, ಅಂಗಳ, ಇಳಿಬಿಸಿಲು. ಅಮ್ಮ ಕ್ಯಾಮೆರಾವನ್ನು ತಿರುಗಿಸಿ ನೋಡಿ ಹಳೇದಾ ಎಂದಳು, ಅಷ್ಟೇ ಎಂದಳು, ಅಷ್ಟರಲ್ಲೇ ಎಲ್ಲವೂ ಇತ್ತು. ಅಜ್ಜಿ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮುಖಕ್ಕೆ ಪೌಡರ್ ಹಾಕಿ ಸ್ಟೂಲಿನ ಮೇಲೆ ಕಂಬದಂತೆ ಕೂತಿದ್ದಾರೆ, ಉಸಿರನ್ನೂ ಕಟ್ಟಿದ್ದಾರೆ, ಯಶ್ಮಿತಾ ಉಂಗುರ ತಿರುಗಿಸುತ್ತಾಳೆ, ಕಿವಿಯ ಬೆಂಡೋಲೆ ಸ್ಪಷ್ಟ, ಮೂಗು ಸ್ಪಷ್ಟ, ಕಣ್ಣಿಗೆ ಬರುವಷ್ಟರಲ್ಲಿ ಅವಳ ಬೆರಳು ಅಲುಗಿದ್ದು ಕಂಡು ಅಜ್ಜಿ ಟಕ್ ಎನ್ನುವ ಮೊದಲೇ ಮುಚ್ಚಿದರು. ಮತ್ತೆ. ಮುಚ್ಚಿದರು. ಮತ್ತೆ, ಈ ಸಲ ತೆರೆದಿದ್ದರು, ಆದರೆ ಸ್ಪಷ್ಟವಾದದ್ದು ಹಿಂದಿನ ತುಳಸಿಕಟ್ಟೆ, ಅಜ್ಜಿ ಬರೀ ಹೊಗೆ. ಅಮ್ಮ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ತೆಗೆಯಲಾ ಎನ್ನುತ್ತಾಳೆ, ಎನ್ನಲಿ, ಫ್ಲಾಶ್ ಇಲ್ಲದೆಯೂ ಮುಚ್ಚುತ್ತಾರೆ ಎಂದರೆ ತಪ್ಪು ಬೆಳಕಿನದ್ದೂ ಅಲ್ಲ, ನೋಡಿಸಿಕೊಳ್ಳುವುದರದ್ದು, ಯಾರಾದರೂ ತನ್ನನ್ನೇ ನೋಡುತ್ತಾರೆ ಎಂದು ಗೊತ್ತಾದರೆ ಸಾಕು ಅಜ್ಜಿಯ ರೆಪ್ಪೆ ಇಳಿಯುತ್ತದೆ, ಕಾರ್ಕಳದ ಹದಿನೇಳರ ಹುಡುಗಿ ಹೊಸ ಗಂಡನ ಪಕ್ಕ, ಅಪರಿಚಿತ ಗಂಡಸೊಬ್ಬ ಕಪ್ಪು ಬಟ್ಟೆಯೊಳಗಿಂದ ದಿಟ್ಟಿಸುತ್ತಾನೆ, ಅಯ್ಯೋ ಪಾಪ, ಅವಳು ಇನ್ನೂ ಕಣ್ಣು ತೆರೆದೇ ಇಲ್ಲ. ಸಾಕಜ್ಜಿ, ಫೋಟೋ ಬೇಡ, ಸೀರೆ ಬದಲಿಸಿ, ಒಂದು ಕಥೆ ಹೇಳಿ. ಕಥೆಯಾ, ಎಂದು ಅಜ್ಜಿಯ ಬೆನ್ನು ಸಡಿಲಾಯಿತು, ಮನೆಯ ಹತ್ತಿ ಸೀರೆ ಉಟ್ಟು ಬಂದು ಅಂಗಳದಲ್ಲಿ ಒಣಗಲು ಹಾಕಿದ್ದ ನಂಗ್ ಎಂಬ ಮೀನಿನ ಗೆರಸೆಯ ಪಕ್ಕ ಮಣೆ ಎಳೆದು ಕೂತರು, ಒಬ್ಬ ರಾಜನಿಗೆ ಏಳು ಜನ ಸೊಸೆಯರಂತೆ, ಕಿರಿಯವಳಿಗೆ ಮಾತ್ರ ಹಕ್ಕಿಗಳ ಭಾಷೆ ಬರುತ್ತದಂತೆ. ಯಶ್ಮಿತಾ ಹ್ಞೂಂ ಎನ್ನುತ್ತಾ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾಳೆ, ಹುಬ್ಬು, ರೆಪ್ಪೆಗೂದಲು, ಇನ್ನೊಂಚೂರು — ನೀನು ಕಥೆ ಕೇಳುವುದಿಲ್ಲ, ನನ್ನನ್ನು ಹೊಂಚುತ್ತಿದ್ದೀ, ಬೆಕ್ಕಿನ ಹಾಗೆ, ಎಂದು ಅಜ್ಜಿ ಮತ್ತೆ ರೆಪ್ಪೆ ಇಳಿಸಿದರು. ಇಳಿಸಿದರು, ಆಗ ಗೆರಸೆಯ ಮೇಲೆ ನೆರಳು, ಒಂದು ಕಾಗೆ ಸೀದಾ ಇಳಿದು ಮೀನು ಕಚ್ಚಿ — ಹೇ! ನಿನ್ನ ಅಪ್ಪ ತಂದಿಟ್ಟದ್ದಾ ಅದು! ನಂಗ್ ಮೀನಿಗೆ ಎಷ್ಟು ರೇಟು ಉಂಟು ಗೊತ್ತುಂಟಾ ನಿನಗೆ!

ಟಕ್. ಆಮೇಲೆ ಸದ್ದಿಗೆ ಮುಚ್ಚಿದರು, ಆದರೆ ಆಮೇಲೆ. ಪರದೆಯನ್ನು ಸೆರಗಿನ ನೆರಳಲ್ಲಿ ಹಿಡಿದು ಅಜ್ಜಿ ಬಹಳ ಹೊತ್ತು ನೋಡಿದರು, ಅಮ್ಮ ಬಾಗಿಲಿಂದ ಇಳಿದು ಬಂದಳು, ಹೆಗಲ ಮೇಲಿಂದ ಬಗ್ಗಿ ನೋಡಿ ಅಯ್ಯಬ್ಬ ಎಂದಳು, ಇದನ್ನು ಗೋಡೆಗೆ ಹಾಕಿದರೆ ಬಂದವರು ಚಾ ಕುಡಿಯದೆ ಓಡುತ್ತಾರೆ ಅತ್ತೆ. ಓಡಲಿ, ಎಂದರು ಅಜ್ಜಿ, ಪರದೆಯಿಂದ ಮುಖ ಎತ್ತದೆ, ಇದು ನಾನೇ. ಅಷ್ಟು ಹೇಳಿ ಬೆರಳಿನಿಂದ ಪರದೆಯನ್ನು ಮೆಲ್ಲಗೆ ಮುಟ್ಟಿದರು, ಮಗುವಿನ ಕೆನ್ನೆ ಮುಟ್ಟುವ ಹಾಗೆ, ಕೆದರಿದ ಕೂದಲು, ಮೇಲೆತ್ತಿದ ಕೈ, ಬೈಯುತ್ತಾ ನಿಂತುಹೋದ ಬಾಯಿ, ಮತ್ತು ಅದರ ಮೇಲೆ ಯಾರನ್ನೂ ಲೆಕ್ಕಿಸದೆ, ಯಾರಿಗೂ ನಾಚದೆ, ಆಕಾಶಕ್ಕೆ ಹಾರುವ ಕಾಗೆಯನ್ನೇ ನೆಟ್ಟು ನೋಡುತ್ತಿರುವ ಎರಡು ಕಣ್ಣು, ಅಗಲ, ಕೆಂಡದಂಥ ಕಣ್ಣು, ಎರಡೂ ಒಂದೇ ಕಡೆ ನೋಡುತ್ತಿರುವ ಕಣ್ಣು, ತೆರೆದ ಕಣ್ಣು, ಕಣ್ಣು.